ಐರಣಿಯ ಪಾಕೀಟು ಶಾಸನ: ಒಂದು ಮರುಓದು

1. ದೊರೆತ ಸ್ಥಳ
ರಾಣೇಬೆನ್ನೂರು ತಾಲ್ಲೂಕಿನ ಐರಣಿಯಲ್ಲಿ, ತುಂಗಭದ್ರೆಯ ದಂಡೆಯ ಜಾಲಿಕಂಟಿಯಲ್ಲಿ ಪ್ರಸ್ತುತ ಶಾಸನ ಸಿಕ್ಕಿತು. ಜಿಲ್ಲೆಯ ಉಳಿದ ಶಾಸನಗಳಂತೆ ಇದು ಕಲ್ಲಿನದಲ್ಲ, ಪ್ಲಾಸ್ಟಿಕ್ಕಿನದು. ಆಯುಷ್ಯದಲ್ಲಿ ಕಲ್ಲಿಗೇನೂ ಕಮ್ಮಿಯಿಲ್ಲ. ಒಳಗೆ ಚಿಪ್ಸ್ ಇದ್ದುದಕ್ಕೆ ಮೂಲೆಯ ಎರಡು ಚೂರು ಸಾಕ್ಷಿ. ಉಳಿದದ್ದು ಗಾಳಿಯೆಂದು ವಿದ್ವಾಂಸರ ಮತ.

2. ಲಿಪಿ, ಭಾಷೆ
ಸುಮಾರು ಕ್ರಿ.ಶ. 450ರ ಹಲ್ಮಿಡಿ ಶಾಸನ ಓದಲು ಪಾಂಡಿತ್ಯ ಸಾಕಾಯಿತು. ಇದಕ್ಕೆ ಭೂತಗನ್ನಡಿಯೂ ಬೇಕಾಯಿತು. ಮುಂಬದಿಯ ‘ಮಸಾಲಾ’ ಹೆಬ್ಬೆರಳ ಗಾತ್ರ. ಹಿಂಬದಿಯ ಉಪ್ಪು, ಎಣ್ಣೆಗಳ ವಿವರ ರಾಗಿಕಾಳಿಗಿಂತ ಸಣ್ಣದು. ಸೂತ್ರ: ತಿನ್ನುವವರಿಗೆ ಬೇಕಾದ ಮಾತು ದೊಡ್ಡದಾದಷ್ಟೂ ಅಕ್ಷರ ಸಣ್ಣದಾಗುತ್ತದೆ. ಭಾಷೆ ಇಂಗ್ಲಿಷ್. ಆಹಾರ ಪಾಕೀಟಿನ ಬರಹದ ಬಗೆಗಿನ 2020ರ ಕೇಂದ್ರ ನಿಯಮಕ್ಕೆ ಇಂಗ್ಲಿಷ್ ಇಲ್ಲವೇ ದೇವನಾಗರಿಯ ಹಿಂದಿ ಸಾಕು. ಕನ್ನಡ ಬರೆಯುವುದು ಅವರವರ ಔದಾರ್ಯ. ಆದ್ದರಿಂದ ಶಾಸನ ಬರೆಸಿದವನಿಗೆ ಐರಣಿಯವರು ತಿನ್ನುತ್ತಾರೆಂದು ಗೊತ್ತಿತ್ತು, ಓದುತ್ತಾರೆಂದು ಗೊತ್ತಿರಲಿಲ್ಲ.

3. ಕಾಲನಿರ್ಣಯ
14 ಅಂಕಿಯ ಪರವಾನಗಿ ಸಂಖ್ಯೆಯನ್ನು ಶಕವರ್ಷವೆಂದು ಬಗೆದು ಮೂರು ದಿನ ಕೆಟ್ಟೆವು. ತಯಾರಾದ ದಿನಕ್ಕೆ ‘ಮೇಲಂಚು ನೋಡಿ’ ಎಂದಿದೆ. ಮೇಲಂಚನ್ನು ತಿಂದವರು ಹರಿದೆಸೆದಿದ್ದಾರೆ. ಹಸಿರು ಚುಕ್ಕಿಯೊಂದೇ ನಿರ್ವಿವಾದ: ಅಕ್ಷರ ಬಾರದವರಿಗೂ ಸಸ್ಯಾಹಾರವೆಂದು ಹೇಳುತ್ತದೆ. ಮನಸ್ಸಿದ್ದರೆ ತಿಳಿಯುವಂತೆ ಹೇಳಬಹುದೆಂಬುದಕ್ಕೆ ಆ ಚುಕ್ಕಿಯೇ ಪ್ರಮಾಣ.

4. ಸಂಖ್ಯಾರಹಸ್ಯ
ಪದಾರ್ಥಪಟ್ಟಿಯಲ್ಲಿ ‘ಬಣ್ಣ 160ಸಿ’ ಎಂದಿದೆ. ಸರ್ವೆ ನಂಬರೆಂದು ಒಬ್ಬರು, ಬಸ್ಸಿನ ನಂಬರೆಂದು ಇನ್ನೊಬ್ಬರು ವಾದಿಸಿದರು. ನಿಜಕ್ಕೂ ಅದು ಮೆಣಸಿನಕಾಯಿಯಿಂದ ತೆಗೆದ ಕೆಂಪು ಸತ್ವ. ಆ ಬಣ್ಣಕ್ಕೇ ಹೆಸರಾದದ್ದು ನೆರೆಯ ಬ್ಯಾಡಗಿಯ ಕಾಯಿ: ಡಬ್ಬಿ, ಕಡ್ಡಿ ಎಂಬ ತಳಿಗಳದ್ದು, 2011ರಲ್ಲಿ ಭೌಗೋಳಿಕ ಸೂಚಕ ಪಡೆದದ್ದು. ಮೆಣಸಿನಕಾಯಿ ಬೆಳೆಯುವ ಅಜ್ಜಿಯೊಬ್ಬರಿಗೆ ಇದನ್ನು ಓದಿ ಹೇಳಿದೆವು. “ಪ್ಯಾಟಿಗೆ ಹೋಗೂಮುಂದ ಇದಕ್ಕ ಹೆಸರಿತ್ತಲ್ಲೋ ತಮ್ಮಾ. ಅಲ್ಲೇನ್ ತಪ್ಪ ಮಾಡ್ತಂತ ಕೈದಿಗತೆ ನಂಬರ್ ಹಾಕಿ ಕಳಿಸ್ಯಾರ?” ಎಂದರು. ಈ ಪ್ರಶ್ನೆ ನಮ್ಮ ವಿದ್ವತ್ತಿನ ವ್ಯಾಪ್ತಿಗೆ ಹೊರಗಿನದು.

5. ಶಾಪಾಶಯ
ರಾಜ್ಯದಲ್ಲಿ ತಯಾರಾದ ವಸ್ತುಗಳ ಹೆಸರು, ಬಳಸುವ ವಿಧಾನ ಕನ್ನಡದಲ್ಲೂ ಇರಬೇಕೆಂದು 2025ರಲ್ಲಿ ಸರ್ಕಾರ ಆದೇಶಿಸಿದೆ. ಪದಾರ್ಥಪಟ್ಟಿಗೂ ಇದು ಹಬ್ಬಿದರೆ ಲಿಪಿಶಾಸ್ತ್ರಕ್ಕೆ ಅಪಾರ ನಷ್ಟ. ಅಜ್ಜಿಯ ಮೊಮ್ಮಗಳೇ ಓದಿಬಿಡುತ್ತಾಳೆ. ಹಳೆಯ ಶಾಸನಗಳು ಶಾಪದಿಂದ ಮುಗಿಯುತ್ತವೆ, ಇದು ‘ತಂಪಾದ, ಒಣಜಾಗದಲ್ಲಿಡಿ’ ಎಂದು. ಐರಣಿಯಲ್ಲಿ ತಂಪಿರುವುದು ಹೊಳೆ, ಒಣಗಿರುವುದು ಹೊಲ. ಬಿಟ್ಟುಹೋದ ಶಾಪವನ್ನು ನಾವೇ ತುಂಬಿದ್ದೇವೆ: ತಿನ್ನುವವರಿಗೆ ತಿಳಿಯದಂತೆ ಬರೆಸಿದಾತ ಅರವತ್ತು ಸಾವಿರ ವರ್ಷ, ಚಿಮಣಿ ಬೆಳಕಿನಲ್ಲಿ, ತನ್ನ ಪಾಕೀಟಿನ ಹಿಂಬದಿಯನ್ನು ತಾನೇ ಓದುತ್ತಿರಲಿ.