ಏರ್‌ಪೋರ್ಟ್‌ಗಮನ ನಿರ್ಣಯಸಿಂಧು

ಕಾಶಿಯ ಕಮಲಾಕರ ಭಟ್ಟರು 1612ರಲ್ಲಿ 'ನಿರ್ಣಯಸಿಂಧು'ವನ್ನು ಬರೆದು ಮುಗಿಸಿದಾಗ, ಏಕಾದಶಿ ಯಾವತ್ತು, ಗ್ರಹಣದ ದಿನ ಊಟ ಎಷ್ಟು ಹೊತ್ತಿಗೆ, ಎರಡು ದಿನಕ್ಕೆ ಹರಡಿಕೊಂಡ ತಿಥಿಯಲ್ಲಿ ಶ್ರಾದ್ಧ ಯಾವ ದಿನ ಎಂಬಂಥ ತಕರಾರುಗಳೆಲ್ಲ ಇತ್ಯರ್ಥವಾದುವೆಂದು ಪಂಡಿತರು ನೆಮ್ಮದಿಯಾಗಿ ಮಲಗಿದ್ದಿರಬೇಕು. ಒಂದು ಪ್ರಶ್ನೆ ಮಾತ್ರ ಉಳಿದುಹೋಯಿತು. ನಡುರಾತ್ರಿ ಕಳೆದು ಎರಡೂವರೆಗೆ ದೇವನಹಳ್ಳಿಯಿಂದ ವಿಮಾನ ಹೊರಡುವುದಾದರೆ, ಹನುಮಂತನಗರದ ಮನೆ ಬಾಗಿಲಿಗೆ ಕಾರು ಯಾವ ದಿನ, ಎಷ್ಟು ಹೊತ್ತಿಗೆ ಬರಬೇಕು?

ಭಟ್ಟರನ್ನು ದೂರುವಂತಿಲ್ಲ. ಅವರಿಗೆ ಗೊತ್ತಿದ್ದ ವಿಮಾನವೆಂದರೆ ಪುಷ್ಪಕ. ಅದು ಏರುವವರು ಬಂದಮೇಲೆ ಹೊರಡುತ್ತಿತ್ತು. ಬೆಂಗಳೂರಿನಲ್ಲೂ 2008ರ ಮೇ 24ಕ್ಕಿಂತ ಹಿಂದೆ ಈ ಶಾಸ್ತ್ರದ ಕುರುಹು ಸಿಗುವುದಿಲ್ಲ. ವಿಮಾನಗಳು ಎಚ್‌ಎಎಲ್‌ನಿಂದ ಹಾರುತ್ತಿದ್ದುವು. ದೊಮ್ಮಲೂರಿನವರು ಮನೆಯಲ್ಲೇ ಊಟ ಮುಗಿಸಿ, ಎಲೆಯಡಿಕೆ ಹಾಕಿಕೊಂಡು, ಆಟೋ ಹತ್ತಿ ಹೋಗಿ ದಿಲ್ಲಿಯಲ್ಲಿ ಇಳಿಯುತ್ತಿದ್ದರು. ಆ ದಿನ ನಿಲ್ದಾಣ ದೇವನಹಳ್ಳಿಗೆ ಹೋಯಿತು, ಶಾಸ್ತ್ರ ಹುಟ್ಟಿತು. ಸುಲಭವಾಗಿ ಆಗುವ ಕೆಲಸಕ್ಕೆ ಶಾಸ್ತ್ರ ಬರೆದವರು ನಮ್ಮಲ್ಲಿ ಕಡಿಮೆ.

ಈ ಪ್ರಬಂಧದ ಪ್ರತಿಜ್ಞೆ ಇಷ್ಟೇ. ಕಾರು ಹೊರಡುವ ಹೊತ್ತನ್ನು ನಿಶ್ಚಯಿಸುವವರು ಮನೆಯಲ್ಲಿ ಎಲ್ಲರಿಗಿಂತ ಹೆಚ್ಚು ಹೆದರುವವರು. ದೂರ, ಟ್ರಾಫಿಕ್, ವಿಮಾನ ಕಂಪನಿಯ ನಿಯಮ ಇವೆಲ್ಲ ಅವರ ಬಾಯಲ್ಲಿ ಬರುವ ನೆಪಗಳು. ಹೀಗೆ ಹೆದರುವವರು ಪ್ರಯಾಣ ಮಾಡುವವರೇ ಆಗಿರುವುದು ತೀರಾ ಅಪರೂಪ.

ದಿನನಿರ್ಣಯ ಪ್ರಕರಣ

ನಮ್ಮ ಉದಾಹರಣೆಯ ಮನೆಯಲ್ಲಿ ಮಗಳು ಫ್ರಾಂಕ್‌ಫರ್ಟ್ ಮಾರ್ಗವಾಗಿ ಅಮೆರಿಕಕ್ಕೆ ಹಿಂದಿರುಗುತ್ತಿದ್ದಾಳೆ. ಟಿಕೆಟ್ಟಿನಲ್ಲಿ 'ಶುಕ್ರವಾರ 02:30' ಎಂದಿದೆ. ಇಲ್ಲಿ ಪೂರ್ವಪಕ್ಷ ಚಿಕ್ಕಪ್ಪನದು. "ಶುಕ್ರವಾರ ರಾತ್ರಿ ಹತ್ತಕ್ಕೆ ಗಾಡಿ ಹೇಳಿಬಿಟ್ಟಿದೀನಿ, ನೀವೇನೂ ಯೋಚ್ನೆ ಮಾಡಬೇಡಿ" ಎಂದು ಅವರು ಫೋನಿನಲ್ಲಿ ಹೇಳುತ್ತಾರೆ. ಈ ಮತದಂತೆ ನಡೆದರೆ ಕಾರು ಗೇಟಿನ ಮುಂದೆ ಹಾರ್ನ್ ಹೊಡೆಯುವಾಗ ವಿಮಾನ ಫ್ರಾಂಕ್‌ಫರ್ಟಿನಲ್ಲಿ ಇಳಿದು ಗಂಟೆಗಟ್ಟಲೆ ಆಗಿರುತ್ತದೆ. ಆದರೂ ಪೂರ್ವಪಕ್ಷವನ್ನು ಹಗುರವಾಗಿ ಕಾಣಬಾರದು. ಶುಕ್ರವಾರದ ವಿಮಾನಕ್ಕೆ ಶುಕ್ರವಾರ ರಾತ್ರಿ ಹೊರಡುವುದು ಲೋಕರೂಢಿಗೆ ಒಪ್ಪುವ ಮಾತೇ. ಲೋಕರೂಢಿಯನ್ನು ನಂಬಿ ವಿಮಾನ ತಪ್ಪಿಸಿಕೊಂಡವರು ಪ್ರತಿ ಬಡಾವಣೆಯಲ್ಲೂ ಇದ್ದಾರೆ.

ಸಿದ್ಧಾಂತ ಹೀಗಿದೆ. ವಿಮಾನ ಕಂಪನಿಯ ವಾರ ನಡುರಾತ್ರಿಗೆ ಬದಲಾಗುತ್ತದೆ, ಪಂಚಾಂಗದ ವಾರ ಸೂರ್ಯೋದಯಕ್ಕೆ. ಆದ್ದರಿಂದ ಟಿಕೆಟ್ಟಿನ ಶುಕ್ರವಾರ ಎರಡೂವರೆ ಎಂದರೆ ಪಂಚಾಂಗದ ಪ್ರಕಾರ ಇನ್ನೂ ಗುರುವಾರವೇ. ಇದರ ಫಲ ಸಣ್ಣದಲ್ಲ. ಶುಕ್ರವಾರ ಪಶ್ಚಿಮಕ್ಕೆ ವಾರಶೂಲೆ, ಅಂದು ಆ ದಿಕ್ಕಿಗೆ ಹೊರಡಬಾರದು. ಫ್ರಾಂಕ್‌ಫರ್ಟ್ ಇರುವುದು ಪಶ್ಚಿಮಕ್ಕೆ. ಗುರುವಾರದ ಶೂಲೆ ದಕ್ಷಿಣಕ್ಕೆ. ಏರ್‌ಪೋರ್ಟ್ ಊರಿನ ಉತ್ತರಕ್ಕಿದೆ. ಹೀಗೆ ಒಂದೇ ಏಟಿಗೆ ಕಾರಿಗೂ ವಿಮಾನಕ್ಕೂ ದೋಷಪರಿಹಾರ. ದಾರಿಯಲ್ಲಿ ಸೂರ್ಯ ಹುಟ್ಟಿ ಶುಕ್ರವಾರ ಆಗಿಬಿಟ್ಟರೆ ಏನು ಗತಿ ಎಂದು ಅಜ್ಜಿ ಆಕ್ಷೇಪ ಎತ್ತಿದ್ದಾರೆ. ಶೂಲೆಯ ವಿಚಾರ ಹೊರಡುವ ಗಳಿಗೆಗೆ ಮಾತ್ರ ಸಂಬಂಧಪಟ್ಟದ್ದು, ಹಾರುತ್ತಿರುವವರಿಗೆ ಅನ್ವಯಿಸುವುದಿಲ್ಲ ಎಂದು ಸಮಾಧಾನ ಹೇಳಬಹುದು. ಅಜ್ಜಿ ಪೂರ್ತಿ ಒಪ್ಪಿಲ್ಲ.

ಒಪ್ಪದವರಿಗಾಗಿ ಪ್ರಸ್ಥಾನ ಇಡುವ ಸಂಪ್ರದಾಯವಿದೆ. ಹೊರಡುವ ಹೊತ್ತು ಸರಿಯಿಲ್ಲದಿದ್ದರೆ ಒಳ್ಳೆಯ ಹೊತ್ತು ನೋಡಿ ಒಂದು ಚೀಲವನ್ನು ಮೊದಲೇ ಬೇರೆ ಮನೆಯಲ್ಲಿ ಇಟ್ಟುಬಿಡುವುದು. ಅಲ್ಲಿಗೆ ಪ್ರಯಾಣ ಶುರುವಾದಂತೆ ಲೆಕ್ಕ. ಇದನ್ನು ಮೂಢನಂಬಿಕೆ ಎಂದು ನಗುವವರು ವೆಬ್ ಚೆಕ್‌ಇನ್ ಮಾಡುವಾಗ ತಾವು ಏನು ಮಾಡುತ್ತಿದ್ದೇವೆ ಎಂದು ಯೋಚಿಸಲಿ. ಒಂದೆರಡು ದಿನ ಮೊದಲೇ, ಮನೆಯ ಸೋಫಾದ ಮೇಲೆ ಕಾಲು ಚಾಚಿ ಕುಳಿತಿರುವಾಗಲೇ, ನಾವು ಹೊರಟಿದ್ದೇವೆಂದು ಕಂಪನಿ ಬರೆದುಕೊಳ್ಳುತ್ತದೆ. ಒಂದೇ ವ್ಯತ್ಯಾಸವೆಂದರೆ, ಪ್ರಸ್ಥಾನದ ಚೀಲ ಇಟ್ಟ ಎದುರುಮನೆಯವರು ಬೀಗ ಹಾಕಿಕೊಂಡು ಮದುವೆ ಆರತಕ್ಷತೆಗೆ ಹೋಗಿಬಿಡುವ ಸಾಧ್ಯತೆ. ನಮ್ಮ ಉದಾಹರಣೆಯಲ್ಲಿ ಅವರು ಹೋದರು. ಪಾಸ್‌ಪೋರ್ಟ್ ಆ ಚೀಲದಲ್ಲಿ ಇರಲಿಲ್ಲವೆಂಬುದೊಂದೇ ಸಮಾಧಾನ, ಚಟ್ನಿಪುಡಿ ಇತ್ತು.

ಕಾಲನಿರ್ಣಯ ಪ್ರಕರಣ

ಗ್ರಂಥದ ಹೃದಯ ಇಲ್ಲಿದೆ. ವಿದೇಶದ ವಿಮಾನಕ್ಕೆ ಮೂರು ಗಂಟೆ ಮುಂಚೆ ಬನ್ನಿ ಎನ್ನುತ್ತಾರೆ. ಅಂದರೆ ಹನ್ನೊಂದೂವರೆ. ಹನುಮಂತನಗರದಿಂದ ಸುಮಾರು 40 ಕಿಲೋಮೀಟರ್. ಆ ಹೊತ್ತಿನಲ್ಲಿ ಒಂದು ಗಂಟೆ ಹತ್ತು ನಿಮಿಷ ಧಾರಾಳ. ಹತ್ತು ಇಪ್ಪತ್ತಕ್ಕೆ ಹೊರಟರೆ ಆಯಿತು ಎಂದು ಮಗಳು ಹೇಳುತ್ತಾಳೆ. ಪ್ರಯಾಣಿಕಳ ಮಾತಾದ್ದರಿಂದ ಇದನ್ನು ಯಾರೂ ಪ್ರಮಾಣವೆಂದು ಎಣಿಸುವುದಿಲ್ಲ.

ಅಪ್ಪ: "ಹೆಬ್ಬಾಳಕ್ಕೆ ಅಂತ ಒಂದು ಗಂಟೆ ಎತ್ತಿಡು." ಒಂಬತ್ತು ಇಪ್ಪತ್ತು. ಅಜ್ಜಿ: "ಗಾಡಿ ಪಂಕ್ಚರ್ ಆದ್ರೆ? ಅವ್ನ ಹತ್ರ ಇನ್ನೊಂದು ಚಕ್ರ ಇರತ್ತೋ ಇಲ್ವೋ." ಎಂಟು ಇಪ್ಪತ್ತು. ಚಿಕ್ಕಪ್ಪ, ದಿನ ತಪ್ಪು ಹೇಳಿದ ಮುಜುಗರದಿಂದ ಚೇತರಿಸಿಕೊಂಡು: "ಯಾರಾದ್ರೂ ಮಂತ್ರಿ ಬಂದ್ರೆ ರಸ್ತೆ ಕಟ್ತಾರೆ, ಅರ್ಧ ಗಂಟೆ ಹೋಯ್ತು." ಏಳು ಐವತ್ತು. ಮಲ್ಲೇಶ್ವರದಿಂದ ಅತ್ತೆ ಫೋನಿನಲ್ಲಿ: "ಇಲ್ಲಿ ಮೋಡ ಹಾಕಿದೆ ಕಣ್ರೋ." ಆರು ಐವತ್ತು. ಅದು ದೀಪ ಹಚ್ಚುವ ಹೊತ್ತು, ಮನೆಮಗಳು ಹೊಸಿಲು ದಾಟುವ ಹೊತ್ತಲ್ಲ. ಹಾಗಾಗಿ ಆರು ಗಂಟೆ.

ಇಲ್ಲಿ ಮೀಮಾಂಸಕರು ಮೆಚ್ಚುವಂಥ ಒಂದು ಸೊಗಸಿದೆ. ಹತ್ತು ಇಪ್ಪತ್ತಕ್ಕೆ ಹೊರಟಿದ್ದರೆ ರಸ್ತೆ ಬಿಡುವಾಗಿರುತ್ತಿತ್ತು. ಆರು ಗಂಟೆಗೆ ಹೊರಟದ್ದರಿಂದ ಇಡೀ ಊರು ಆಫೀಸು ಬಿಟ್ಟು ಮನೆಗೆ ಹೋಗುವ ಹೊತ್ತಿಗೆ ಸರಿಯಾಗಿ ಕಾರು ಟೌನ್‌ಹಾಲ್ ಮುಂದೆ ನಿಂತಿರುತ್ತದೆ. ಟ್ರಾಫಿಕ್ಕಿಗೆ ಹೆದರಿ ಮುಂಚೆ ಹೊರಟವರನ್ನು ಆ ಹೆದರಿಕೆಯೇ ಕೈಹಿಡಿದು ಟ್ರಾಫಿಕ್ಕಿನೊಳಗೆ ಕೂರಿಸುತ್ತದೆ. ಕಾವೇರಿ ಥಿಯೇಟರ್ ಸಿಗ್ನಲ್ಲಿನಲ್ಲಿ ಮೂರನೇ ಸಲ ಕೆಂಪು ದೀಪ ಬಿದ್ದಾಗ ಅಪ್ಪ ಹಿಂದಕ್ಕೆ ತಿರುಗಿ, "ನೋಡಿದ್ಯಾ? ಬೇಗ ಹೊರಟಿದ್ದು ಎಷ್ಟು ಒಳ್ಳೇದಾಯ್ತು" ಎನ್ನುತ್ತಾರೆ. ಹೆದರಿಕೆಯನ್ನು ಸಾಬೀತು ಮಾಡಲು ಹೊರಗಿನ ಆಧಾರವೇ ಬೇಡ, ಅದು ಸ್ವತಃಪ್ರಮಾಣ. ಈ ವಾದಕ್ಕೆ ಎದುರು ಹೇಳಿ ಗೆದ್ದ ಮಗಳನ್ನು ಪ್ರಬಂಧಕಾರ ಇದುವರೆಗೆ ಕಂಡಿಲ್ಲ.

ವಾಹನ ಪ್ರಕರಣ

ವಾಯುವಜ್ರ ಬಸ್ಸಿದೆಯಲ್ಲ ಎಂಬ ಪೂರ್ವಪಕ್ಷವನ್ನು ಒಂದೇ ಸಾಲಿನಲ್ಲಿ ಖಂಡಿಸಬಹುದು: "ಮಗಳನ್ನ ಬಸ್ಸಿಗೆ ಹತ್ತಿಸಿ ಕಳಿಸಿದ್ರು ಅನ್ನಲ್ವಾ ಜನ?" ಮೊಬೈಲಿನಲ್ಲಿ ಬುಕ್ ಮಾಡುವ ಕಾರು ಕ್ಷಣಿಕವಾದಕ್ಕೆ ಸೇರಿದ್ದು. ಇದೆ ಎಂದು ತೋರುತ್ತದೆ, ಮೂರು ನಿಮಿಷದಲ್ಲಿದೆ ಎಂದು ತೋರುತ್ತದೆ, ಡ್ರೈವರ್ ಫೋನ್ ಮಾಡಿ "ಡ್ರಾಪ್ ಎಲ್ಲಿ ಸಾರ್? ಕ್ಯಾಶಾ, ಆನ್‌ಲೈನಾ?" ಎಂದು ಕೇಳುತ್ತಾನೆ, ಉತ್ತರ ಕೇಳಿದ ಕ್ಷಣದಲ್ಲಿ ಇಲ್ಲವಾಗುತ್ತದೆ.

ಆದ್ದರಿಂದ ಸ್ಥಿರವಾದಿಗಳು 'ಗೊತ್ತಿರೋ ಡ್ರೈವರ್' ಎಂಬ ತತ್ತ್ವವನ್ನು ಒಪ್ಪಿದ್ದಾರೆ. ಪ್ರತಿ ಮನೆಯ ಫೋನಿನಲ್ಲೂ ಆತ 'ಮಂಜು ಟ್ಯಾಕ್ಸಿ ಏರ್‌ಪೋರ್ಟ್' ಎಂಬ ಹೆಸರಲ್ಲಿ ನೆಲೆಸಿದ್ದಾನೆ. ಎರಡು ವಾರ ಮುಂಚೆ ಹೇಳಿದರೆ "ಆಯ್ತು ಸಾರ್, ನಾನೇ ಬರ್ತೀನಿ" ಎನ್ನುತ್ತಾನೆ. ಹಿಂದಿನ ದಿನ ಜ್ಞಾಪಿಸಿದರೆ "ಹೇಳ್ಬೇಕಾ ಸಾರ್" ಎನ್ನುತ್ತಾನೆ. ಹೊರಡುವ ದಿನ ಮಧ್ಯಾಹ್ನ ಆತನೇ ಫೋನ್ ಮಾಡುತ್ತಾನೆ: "ಸಾರ್, ನಂಗೆ ತಿರುಪತಿ ಟ್ರಿಪ್ ಬಿತ್ತು. ನಮ್ ಹುಡುಗನ್ನ ಕಳಿಸ್ತೀನಿ, ನಾನು ಬಂದಂಗೇ." ಮಂಜು ಬರದೆ ಇರುವುದೂ ಮಂಜು ಬಂದಂತೆಯೇ ಎಂಬ ಈ ಅಭೇದವಾದವನ್ನು ಅದ್ವೈತಿಗಳು ಕೂಡ ಇಷ್ಟು ಧೈರ್ಯದಿಂದ ಹೇಳಿಲ್ಲ. ಮಂಜು ತಿರುಪತಿಯಲ್ಲಿರುವುದು ಎಂದೂ ಸುಳ್ಳಲ್ಲ. ಏರ್‌ಪೋರ್ಟಿಗೆ ಹೊರಟ ಅರ್ಧ ಬೆಂಗಳೂರಿನ ಗೊತ್ತಿರೋ ಡ್ರೈವರುಗಳು ಆ ದಿನ ತಿರುಪತಿಯಲ್ಲೇ ಇರುತ್ತಾರೆ.

ಬಾಡಿಗೆಯ ವಿಚಾರದಲ್ಲಿ ಶ್ರುತಿ, ಸ್ಮೃತಿ ಎರಡೂ ಉಂಟು. ಶ್ರುತಿ ಎಂದರೆ 2024ರ ಫೆಬ್ರುವರಿಯಲ್ಲಿ ರಾಜ್ಯ ಸರ್ಕಾರ ಹೊರಡಿಸಿದ ದರಪಟ್ಟಿ. ಹತ್ತು ಲಕ್ಷದೊಳಗಿನ ಕಾರಿಗೆ ಮೊದಲ 4 ಕಿಲೋಮೀಟರಿಗೆ 100 ರೂಪಾಯಿ, ಆಮೇಲೆ ಕಿಲೋಮೀಟರಿಗೆ 24. ಹನುಮಂತನಗರದಿಂದ 40 ಕಿಲೋಮೀಟರಿಗೆ 964 ರೂಪಾಯಿ ಎಂದು ನಿವೃತ್ತ ಬ್ಯಾಂಕ್ ನೌಕರರಾದ ಅಪ್ಪ ಕ್ಯಾಲೆಂಡರಿನ ಹಿಂದೆ ಲೆಕ್ಕ ಹಾಕಿಟ್ಟಿದ್ದಾರೆ. ಸ್ಮೃತಿ ಎಂದರೆ ಮಂಜು ನೆನಪಿಟ್ಟುಕೊಂಡಿರುವ ರೇಟು: "ಸಾವಿರದ ಐನೂರು ಸಾರ್. ಟೋಲು, ಪಾರ್ಕಿಂಗು ಸಪರೇಟು. ವಾಪಸ್ ಖಾಲಿ ಬರ್ಬೇಕಲ್ಲ." ಖಾಲಿ ಹೇಗಾದೀತು, ಬೀಳ್ಕೊಟ್ಟು ನಾವು ಮೂರು ಜನ ಅದರಲ್ಲೇ ವಾಪಸ್ ಬರುತ್ತೇವಲ್ಲ ಎಂದು ಅಪ್ಪ ನ್ಯಾಯವಾಗಿಯೇ ಕೇಳಿದರು. "ಹೌದಾ ಸಾರ್? ಹಂಗಾದ್ರೆ ಅಪ್ ಅಂಡ್ ಡೌನ್ ಆಗತ್ತೆ. ಎರಡು ಸಾವಿರದ ಐನೂರು." ಖಾಲಿ ಬಂದರೆ ನಷ್ಟ, ತುಂಬಿ ಬಂದರೆ ಹೆಚ್ಚು ಬಾಡಿಗೆ, ಶೂನ್ಯವೂ ಪೂರ್ಣವೂ ಒಂದೇ ಕಡೆಗೆ ವಾಲುವ ಇಂಥ ಗಣಿತ ಅಪ್ಪನ ಬ್ಯಾಂಕಿನಲ್ಲಿ ಇರಲಿಲ್ಲ. ಆದರೂ ಅಪ್ಪ ಎರಡು ಸಾವಿರಕ್ಕೆ ಇಳಿಸಿ ಗೆದ್ದರು. ಮಂಜು ಕೂಡ ಗೆದ್ದ.

ಭಾರ ಪ್ರಕರಣ

ಅದೇ ದರಪಟ್ಟಿಯಲ್ಲಿ ಯಾರ ಕಣ್ಣಿಗೂ ಬೀಳದ ಒಂದು ಮಾತಿದೆ. ಪ್ರಯಾಣಿಕರ ಸಾಮಾನು 120 ಕಿಲೋ ತನಕ ಉಚಿತ. ಮೇಲೆ ಪ್ರತಿ 30 ಕಿಲೋಗೆ 7 ರೂಪಾಯಿ. ಇಷ್ಟು ಉದಾರವಾದ ಕಾನೂನು ಇದ್ದೂ ಫಲವಿಲ್ಲ, ಏಕೆಂದರೆ ಮಂಜು ಕಳಿಸಿದ 'ನಮ್ಮ ಹುಡುಗ' ತಂದ ಕಾರಿನ ಡಿಕ್ಕಿಯಲ್ಲಿ ಸಿಎನ್‌ಜಿ ಸಿಲಿಂಡರ್ ಮೊದಲೇ ಕಾಲು ಚಾಚಿ ಮಲಗಿದೆ. ಅದರ ಪಕ್ಕದಲ್ಲಿ ಒಂದು ಕೈಚೀಲ, ಒಂದು ಕೊಡೆ ಹಿಡಿದಾವು. ಸೂಟ್‌ಕೇಸುಗಳು ಕ್ಯಾರಿಯರಿಗೆ.

ವಿಮಾನದವರದು ಬೇರೆಯೇ ದರ್ಶನ. ಅಮೆರಿಕಕ್ಕೆ ಹೋಗುವವರಿಗೆ ಸಾಮಾನ್ಯವಾಗಿ 23 ಕಿಲೋದ ಎರಡು ಪೆಟ್ಟಿಗೆ. ಕೊಕ್ಕೆ ತಕ್ಕಡಿಗೆ ಸೂಟ್‌ಕೇಸ್ ಸಿಕ್ಕಿಸಿ, ಎರಡು ಕೈಯಲ್ಲಿ ಎತ್ತಿ, ಮುಖ ಕೆಂಪಗಾದ ಅಪ್ಪ "ಬೇಗ ನೋಡೇ, ಬೇಗ ನೋಡೇ" ಎನ್ನುತ್ತಿದ್ದರೆ, ಕನ್ನಡಕ ಹುಡುಕುತ್ತಿರುವ ಅಮ್ಮ "ಅಲ್ಲಾಡಿಸಬೇಡಿ" ಎನ್ನುತ್ತಾರೆ. 23.4 ಎಂದು ತೋರಿಸಿತು. ಹುಳಿಪುಡಿಯ ಒಂದು ಪೊಟ್ಟಣ ಹೊರಬಂತು. ಅಪ್ಪ ಆ ಕಡೆ ತಿರುಗಿದ ಮೇಲೆ ಹುಳಿಪುಡಿ ಒಳಗೆ ಹೋಗಿ, ಮಗಳ ಜೀನ್ಸ್ ಒಂದು ಹೊರಬಂತು.

ಮಡಿಲು ತುಂಬಿದ ಅಕ್ಕಿಯ ಜೊತೆಗಿನ ಕೊಬ್ಬರಿ ಗಿಟುಕಿನ ವಿಷಯ ಹೆಚ್ಚು ತೊಡಕಿನದು. ವಿಶ್ವಸಂಸ್ಥೆಯ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಕೊಬ್ಬರಿಗೆ 1363ನೆಯ ಸಂಖ್ಯೆ ಕೊಟ್ಟು, ತಾನಾಗಿಯೇ ಹೊತ್ತಿಕೊಳ್ಳಬಲ್ಲ ಪದಾರ್ಥಗಳ ವರ್ಗದಲ್ಲಿ ಕೂರಿಸಿದ್ದಾರೆ. ಇಡೀ ತಿಪಟೂರು ಇದನ್ನು ಹೇಗೆ ಸಹಿಸಿಕೊಂಡಿದೆಯೋ. "ನಮ್ಮಮ್ಮ ನಂಗೆ ಕೊಟ್ಟಿದ್ದು ಇವತ್ತಿನವರೆಗೂ ಹೊತ್ತಿಕೊಂಡಿಲ್ಲ" ಎಂಬ ಅಜ್ಜಿಯ ಪ್ರತ್ಯಕ್ಷ ಪ್ರಮಾಣದ ಮುಂದೆ ವಿಶ್ವಸಂಸ್ಥೆ ಏನು ಹೇಳುತ್ತದೋ ಗೊತ್ತಿಲ್ಲ. ಗಿಟುಕು ಮನೆಯಲ್ಲೇ ಉಳಿಯಿತು. ಅಕ್ಕಿ ಹೋಯಿತು.

ಮಾರ್ಗ ಪ್ರಕರಣ

ಮೇಖ್ರಿ ವೃತ್ತದ ಹತ್ತಿರ ಕೆಂಪೇಗೌಡರ ಕಾಲದ ಗಡಿಗೋಪುರವೆಂದು ಜನ ತೋರಿಸುವ ಗೋಪುರವೊಂದಿದೆ. ಊರು ಇಲ್ಲಿಗೆ ಮುಗಿಯಿತು ಎಂದು ಅದು ಅಂದು ಹೇಳಿದ್ದಿರಬೇಕು. ನಾಡಪ್ರಭುಗಳೇ ಇಂದು 108 ಅಡಿ ಎತ್ತರದ ಕಂಚಿನ ಪ್ರತಿಮೆಯಾಗಿ ಏರ್‌ಪೋರ್ಟಿನಲ್ಲಿ ನಿಂತಿದ್ದಾರೆ. ಗೋಪುರಕ್ಕೂ ಪ್ರತಿಮೆಗೂ ನಡುವೆ ಇರುವುದು ಹೆಬ್ಬಾಳ. ಅಲ್ಲಿ ಸಿಕ್ಕಿದ ಸುಮಾರು ಕ್ರಿ.ಶ. 750ರ ವೀರಗಲ್ಲು, ಗಂಗರ ಶ್ರೀಪುರುಷನ ಕಾಲದಲ್ಲಿ ಕಿತ್ತಯ್ಯನೆಂಬವನು ಕಾದಿ ಸತ್ತದ್ದನ್ನು ಹೇಳುತ್ತದೆ. ಹೆಬ್ಬಾಳ ದಾಟಲು ಹೋರಾಡಿದವರಲ್ಲಿ ಕಲ್ಲು ಹಾಕಿಸಿಕೊಂಡವನು ಅವನೊಬ್ಬನೇ. ಉಳಿದವರು ಫ್ಲೈಓವರಿನ ಬುಡದಲ್ಲಿ ಎಡಗಡೆಯಿಂದ ನುಗ್ಗುವ ಬಸ್ಸಿಗೂ ಬಲಗಡೆಯಿಂದ ನುಗ್ಗುವ ಬೈಕಿಗೂ ದಾರಿ ಬಿಟ್ಟುಕೊಡುತ್ತ ಅನಾಮಧೇಯರಾಗಿ ಉಳಿದಿದ್ದಾರೆ.

ಯಲಹಂಕ ಕಳೆದ ಮೇಲೆ ರಸ್ತೆ ತೆರೆದುಕೊಳ್ಳುತ್ತದೆ, ಗಾಳಿ ತಣ್ಣಗಾಗುತ್ತದೆ, ಅಮ್ಮನಿಗೆ ಅಳು ಬರುತ್ತದೆ. ಎಂಟೂ ನಲವತ್ತು. ವಿಮಾನಕ್ಕೆ ಇನ್ನೂ ಆರು ಗಂಟೆ ಹತ್ತಿರ ಹತ್ತಿರ. ಮಗಳು ಕಿಟಕಿಗೆ ತಲೆ ಆನಿಸಿ ನಿದ್ದೆ ಹೋಗಿದ್ದಾಳೆ. ಆಗ, ದಿನ, ವಾರ, ಶೂಲೆ, ಪಂಕ್ಚರು, ಮಂತ್ರಿ, ಮೋಡ, ಕೊಬ್ಬರಿ ಎಲ್ಲವನ್ನೂ ಇತ್ಯರ್ಥ ಮಾಡಿದ ಈ ಕುಟುಂಬವನ್ನು ನಮ್ಮ ಹುಡುಗ ಒಂದು ಮಾತು ಕೇಳುತ್ತಾನೆ: "ಟೀ ಒನ್ನಾ, ಟೀ ಟೂನಾ ಸಾರ್?"

ಕಾರಿನಲ್ಲಿ ಯಾರಿಗೂ ಗೊತ್ತಿಲ್ಲ. ಎರಡನೇ ಟರ್ಮಿನಲ್ 2022ರ ನವೆಂಬರಿನಲ್ಲಿ ಉದ್ಘಾಟನೆಯಾಗಿ, ಮರುವರ್ಷ ಸೆಪ್ಟೆಂಬರಿನಲ್ಲಿ ವಿದೇಶದ ವಿಮಾನಗಳೆಲ್ಲ ಅಲ್ಲಿಗೇ ಹೋದ ಸಂಗತಿ ಕಾಲನಿರ್ಣಯದಲ್ಲಿ ಎಲ್ಲೂ ಬರಲಿಲ್ಲ. ಅಪ್ಪ ಜೇಬು ತಡಕುತ್ತಾರೆ. ಅಮ್ಮ "ಅವಳನ್ನ ಎಬ್ಬಿಸಬೇಡಿ, ಪಾಪ" ಎನ್ನುತ್ತಾರೆ. ಚಿಕ್ಕಪ್ಪ ಟಿಕೆಟ್ಟಿನ ಫೋಟೋ ಹುಡುಕಲು ಹೋಗಿ ಯಾರದೋ ಮುಂಜಿಯ ಫೋಟೋ ತೆಗೆಯುತ್ತಾರೆ. ಹೊಗೆಯಿರುವುದರಿಂದ ಬೆಟ್ಟದಲ್ಲಿ ಬೆಂಕಿಯಿದೆ ಎಂದು ನೈಯಾಯಿಕರು ಶತಮಾನಗಳಿಂದ ಕೊಡುತ್ತ ಬಂದ ಅನುಮಾನ ಪ್ರಮಾಣಕ್ಕೆ, ಇಡೀ ದಿನದಲ್ಲಿ ಒಬ್ಬನೇ ಒಬ್ಬ ಯೋಗ್ಯ ವಾರಸುದಾರ ಸಿಕ್ಕಿದ್ದು ಇಲ್ಲಿ. ಹುಡುಗ ಕನ್ನಡಿಯಲ್ಲಿ ಒಮ್ಮೆ ಹಿಂದೆ ನೋಡಿ, ಇಂಡಿಕೇಟರ್ ಹಾಕಿದ.

"ಮೇಲೆ ಎರಡು ದೊಡ್ಡ ಪೆಟ್ಟಿಗೆ ಅವೆ, ಹುಳಿಪುಡಿ ವಾಸ್ನೆ ಬತ್ತೈತೆ, ಅಮ್ಮಾವ್ರು ಬೇರೆ ಅಳ್ತಾವ್ರೆ. ಪೂನಾಗೆ ಹೋಗೋರಿಗೆ ಯಾರೂ ಅಳಲ್ಲ ಸಾರ್. ಟೀ ಟೂನೇ."