ಬಾಗಿಲು ತಟ್ಟಬೇಡಿ ಎಂದವರಿಗೊಂದು ಅಭಿನಂದನಾ ಪತ್ರ

ಇವರಿಗೆ,
ಕಾಬೂಲ್ ಮತ್ತು ಕಂದಹಾರದಲ್ಲಿ ಕೂತು ಆಳುತ್ತಿರುವ ತಾಲಿಬಾನ್ ಮಹನೀಯರು

ವಿಷಯ: ಪೋಲಿಯೊ ಹನಿಯನ್ನು ಮನೆಬಾಗಿಲಿಗೆ ಬಿಟ್ಟುಕೊಳ್ಳದ ಬಗ್ಗೆ.
ಉಲ್ಲೇಖ: 2018ರ ತಮ್ಮ ನಿಷೇಧ, 2024ರ ಸೆಪ್ಟೆಂಬರಿನ ತಮ್ಮ ತಡೆ.

ಮಾನ್ಯರೇ,

ಕಾಡು ಪೋಲಿಯೊ ವೈರಸ್ಸಿಗೆ ಖಾಯಂ ವಿಳಾಸವೆಂದು ಭೂಮಿಯ ಮೇಲೆ ಉಳಿದಿರುವುದು ಎರಡೇ: ನಿಮ್ಮ ಅಫ್ಘಾನಿಸ್ತಾನ, ನಿಮ್ಮ ನೆರೆಯ ಪಾಕಿಸ್ತಾನ. ನಿಮ್ಮಲ್ಲಿ 2022ರಲ್ಲಿ 2 ಪ್ರಕರಣಕ್ಕಿಳಿದು ಪಾಪ, ಅದು ಗಂಟುಮೂಟೆ ಕಟ್ಟುವುದರಲ್ಲಿತ್ತು. 2024ರಲ್ಲಿ 25! ಅತಿಥಿಯನ್ನು ಹೀಗೆ ಉಳಿಸಿಕೊಳ್ಳಲು ದೊಡ್ಡ ಮನಸ್ಸು ಬೇಕು.

ನಡುವೆ ಸ್ವಲ್ಪ ಎಡವಿದ್ದಿರಿ. 2024ರ ಜೂನಿನಲ್ಲಿ, ಐದು ವರ್ಷಗಳಲ್ಲಿ ಮೊದಲ ಸಲ, ದೇಶದುದ್ದಕ್ಕೂ ಮನೆಮನೆ ಸುತ್ತಿ ಹನಿ ಹಾಕಲು ಬಿಟ್ಟಿರಿ. ಸೆಪ್ಟೆಂಬರಿಗೆಲ್ಲ ಎಚ್ಚೆತ್ತುಕೊಂಡಿರಿ. ಮಗುವಿಗೆ ಹನಿ ಬೇಕಿದ್ದರೆ ಮಸೀದಿಯ ಹತ್ತಿರ ತರಲಿ, ಅಲ್ಲವೇ? ಮೊನ್ನೆ ಹುಟ್ಟಿದ ಕೂಸು, ಜ್ವರ ಬಂದು ಮಲಗಿದ ಹುಡುಗಿ, ಜೊತೆಗೆ ಗಂಡಸಿಲ್ಲದೆ ಹೊಸ್ತಿಲು ದಾಟಲು ಹೆದರುವ ತಾಯಿ — ಇವರೆಲ್ಲ ನಡೆದೇ ಬರಲಿ. ನಮ್ಮಲ್ಲಿ ಪಲ್ಸ್ ಪೋಲಿಯೊ ಭಾನುವಾರ ಬೂತಿಗೆ ಬಾರದ ಮಕ್ಕಳನ್ನು ಹುಡುಕಿಕೊಂಡು ಮರುದಿನದಿಂದ ಮನೆಮನೆಗೆ ಹೋಗುತ್ತಿದ್ದರು; ಕಿರುಬೆರಳಿಗೆ ಮಸಿ, ಗೋಡೆಗೆ ಸೀಮೆಸುಣ್ಣದ ಗುರುತು. ಅಷ್ಟೆಲ್ಲ ಅಲೆದು ಸಿಕ್ಕಿದ್ದೇನು? 2011ರ ಜನವರಿಯಲ್ಲಿ ಹೌರಾದ ಒಂದು ಮಗುವಿಗೆ ತಗುಲಿದ ನಂತರ ಭಾರತದಲ್ಲಿ ಕಾಡು ಪೋಲಿಯೊದ ಒಂದೇ ಒಂದು ಪ್ರಕರಣವಿಲ್ಲ.

ನಿಮ್ಮ ನಾಡಿನ ಒಳಮನೆಗೆ ಪರಪುರುಷ ಕಾಲಿಡುವಂತಿಲ್ಲ. ಹೋಗಬಲ್ಲವಳು ಹೆಂಗಸು ಮಾತ್ರ. ಅದನ್ನರಿತೇ ಇರಬೇಕು, 2024ರ ಡಿಸೆಂಬರಿನಲ್ಲಿ ಹೆಣ್ಣುಮಕ್ಕಳ ನರ್ಸಿಂಗ್, ಸೂಲಗಿತ್ತಿ ತರಗತಿಗಳನ್ನೂ ಮುಚ್ಚಿಸಿದಿರಿ. ಇನ್ನು ಇಪ್ಪತ್ತು ವರ್ಷ ಬಾಗಿಲು ತಟ್ಟುವವರ ಕಾಟವಿಲ್ಲ.

ಇಷ್ಟಾದರೂ ಹೊರಗಿನ ತಜ್ಞರು ತಾಯಂದಿರಿಗೆ ತಿಳಿವಳಿಕೆ ಸಾಲದೆಂದು ಇನ್ನೊಂದು ಕಂತೆ ಪೋಸ್ಟರ್ ಅಚ್ಚು ಹಾಕಿಸಿಯಾರು. ಹಾಕಿಸಲಿ ಬಿಡಿ, ನಿಮ್ಮ ಹೆಸರು ಅದರಲ್ಲಿ ಬರುವುದಿಲ್ಲ.

2022ರ ಫೆಬ್ರುವರಿ 24ರಂದು ತಖಾರ್ ಮತ್ತು ಕುಂದುಜ್‌ನಲ್ಲಿ ಹನಿ ಹಾಕಲು ಹೊರಟಿದ್ದ ಎಂಟು ಮಂದಿಯನ್ನು ಗುಂಡಿಕ್ಕಿ ಕೊಂದರು. ಅವರಲ್ಲಿ ನಾಲ್ವರು ಹೆಂಗಸರು. ಆಗ ದೇಶ ನಿಮ್ಮ ಕೈಯಲ್ಲಿತ್ತು.

ಒಂದು ವಿನಂತಿ. ನಿಮ್ಮ ಶಿಸ್ತನ್ನು ವೈರಸ್ಸಿಗೂ ಕಲಿಸಿ. ಗಂಡಸಿನ ಜೊತೆಯಿಲ್ಲದೆ, ಕಾಗದಪತ್ರವಿಲ್ಲದೆ, ತೋರ್ಖಮ್‌ನಲ್ಲೂ ಸ್ಪಿನ್ ಬೋಲ್ದಕ್‌ನಲ್ಲೂ ಅದು ಗಡಿ ದಾಟುತ್ತದೆ. ಮಸೀದಿಯಲ್ಲಿ ನಿಂತು ಕಾಯುವ ಮರ್ಯಾದೆಯೂ ಅದಕ್ಕಿಲ್ಲ, ನೇರ ಒಳಮನೆಗೇ ನುಗ್ಗುತ್ತದೆ.

ಇಂತಿ ತಮ್ಮ ವಿಶ್ವಾಸಿ,
ಎರಡು ಹನಿ ಕುಡಿದು ಬೆಳೆದವನು

ಪ್ರತಿ: ಅಮೆರಿಕದ ಸಿಐಎ, ಲ್ಯಾಂಗ್ಲಿ. 2011ರಲ್ಲಿ ಬಿನ್ ಲಾಡೆನ್‌ನನ್ನು ಹುಡುಕಲು ಅಬೊಟಾಬಾದಿನಲ್ಲಿ ಹೆಪಟೈಟಿಸ್ ಬಿ ಲಸಿಕೆಯ ವೇಷ ಹಾಕಿದಿರಿ. ಅಂದಿನಿಂದ ಐಸ್ ಡಬ್ಬಿ ಹೊತ್ತ ಪ್ರತಿಯೊಬ್ಬಳನ್ನೂ ಗೂಢಚಾರಿಣಿ ಎನ್ನಲು ಈ ಮಹನೀಯರಂಥವರಿಗೆ ನೀವೇ ನೆಪ ಒದಗಿಸಿದ್ದೀರಿ. ಇನ್ನು ಹಾಗೆ ಮಾಡುವುದಿಲ್ಲವೆಂದು 2014ರಲ್ಲಿ ಶ್ವೇತಭವನ ಕೊಟ್ಟ ಮಾತು ಅಮೆರಿಕದ ಸಾರ್ವಜನಿಕ ಆರೋಗ್ಯ ಕಾಲೇಜುಗಳ ಡೀನ್‌ಗಳಿಗೆ ತಲುಪಿದೆ. ಕಂದಹಾರದ ಹಳ್ಳಿಗಳಿಗೆ ಅದನ್ನು ಯಾರ ಕೈಲಿ ಕಳುಹಿಸುತ್ತೀರಿ? ಬಾಗಿಲು ತಟ್ಟುವವರು ಈಗ ಅಲ್ಲಿಲ್ಲ.