ಭೇಟಿಯಾಯಿತು, ಕಾಣಲಿಲ್ಲ

(2016ರ ಆಗಸ್ಟ್. ‘ನೋ ಮ್ಯಾನ್ಸ್ ಸ್ಕೈ’ ಎಂಬ ವಿಡಿಯೊ ಗೇಮ್ ಬಿಡುಗಡೆಯಾದ ವಾರ. ಆಟದೊಳಗಿನ ಒಂದೇ ಗ್ರಹದಲ್ಲಿ ಇಬ್ಬರು ಆಟಗಾರರು. ಮಾತು ಫೋನಿನಲ್ಲಿ.)

ನೊಂದವ: ಎಲ್ಲಿದ್ದೀಯೋ?

ಭಕ್ತ: ಬಾಗಿಲ ಎದುರಿಗೇ. ನೀನು?

ನೊಂದವ: ನಾನೂ ಅಲ್ಲೇ. ಕಾಣಿಸ್ತಿಲ್ಲವಲ್ಲ!

ಭಕ್ತ: 18ರ ಮುಂದೆ 18 ಸೊನ್ನೆ, ಅಷ್ಟು ಗ್ರಹಗಳಪ್ಪಾ! ಇಬ್ಬರು ಭೇಟಿಯಾಗೋದು ಕಷ್ಟ ಅಂತ ಮೊದಲೇ ಹೇಳಿದ್ರು.

ನೊಂದವ: ಭೇಟಿಯಾಗಿಬಿಟ್ಟಿದೀವಲ್ಲೋ!

ಭಕ್ತ: ಅದು ನಮ್ಮ ತಪ್ಪು.

ನೊಂದವ: 60 ಡಾಲರ್ ಕೊಟ್ಟಿದೀನಿ. ಟ್ರೇಲರ್‌ನಲ್ಲಿ ಮರ ಬೀಳಿಸ್ಕೊಂಡು ನುಗ್ಗಿ ಬಂದ ಆ ದೈತ್ಯ ಪ್ರಾಣಿ ಎಲ್ಲಿ?

ಭಕ್ತ: ಬೇರೆ ಗ್ರಹದಲ್ಲಿರುತ್ತೆ. ಹುಡುಕು.

ನೊಂದವ: ಹುಡುಕಿದೆ. ಕಲ್ಲು ಒಡೆದು ಇಂಧನ ತುಂಬಿಸ್ಕೊಂಡು ಇನ್ನೊಂದು ಗ್ರಹಕ್ಕೆ ಹೋದೆ. ಅಲ್ಲೂ ಕಲ್ಲು ಒಡೆದೆ.

ಭಕ್ತ: ಕಲ್ಲಿನ ಬಣ್ಣ ಬೇರೆ ಇತ್ತೋ ಇಲ್ಲವೋ?

ನೊಂದವ: ...ಇತ್ತು.

ಭಕ್ತ: ಮತ್ತೆ? ಕೃತಘ್ನ!

(ನಡುವೆ ಒಂದು ಮಾತು: ಈ ಬ್ರಹ್ಮಾಂಡವನ್ನು ಕಟ್ಟಿದ್ದು ಇಂಗ್ಲೆಂಡಿನ ಗಿಲ್ಡ್‌ಫರ್ಡ್‌ನ ಪುಟ್ಟದೊಂದು ತಂಡ. ಸೊನ್ನೆಗಳೇನೋ ನಿಜವೇ. ಸೊನ್ನೆಗಳ ಆಚೆಗಿನದನ್ನು ಪ್ರಚಾರದವರು ಅರ್ಧ ಹೇಳಿದರು, ಉಳಿದರ್ಧವನ್ನು ಆಟಗಾರರೇ ಕಲ್ಪಿಸಿಕೊಂಡರು.)

ನೊಂದವ: ದುಡ್ಡು ವಾಪಸ್ ಕೇಳ್ತೀನಿ.

ಭಕ್ತ: ಎಷ್ಟು ಹೊತ್ತು ಆಡಿದೆ?

ನೊಂದವ: ಐವತ್ತು ಗಂಟೆ.

ಭಕ್ತ: ಚೆನ್ನಾಗಿಲ್ಲ ಅಂತ ತಿಳಿಯೋಕೆ ಐವತ್ತು ಗಂಟೆಯಾ? ತಡಿ, ಅಪ್‌ಡೇಟ್ ಬರುತ್ತೆ. ಆಗ ನಾನು ಕಾಣಿಸ್ತೀನಿ.

ನೊಂದವ: ಯಾವಾಗ?

ಭಕ್ತ: ಬೇಗ. ಅಲ್ಲೇ ನಿಂತಿರು.

(ಆ ಅಪ್‌ಡೇಟ್ ಬಂದದ್ದು 2018ರ ಜುಲೈನಲ್ಲಿ.)